ಪೆಟಗೋನಿಯಾಕ್ಕೆ ಬಾಡಿಗೆ ಕಾರಿನಲ್ಲಿ: ಗಡಿ ಪತ್ರವನ್ನು ಅಕ್ಷರ ಬಿಡದೆ ಓದಿ

ದಕ್ಷಿಣ ಅಮೆರಿಕದ ತುದಿಯಲ್ಲಿರುವ ಪೆಟಗೋನಿಯಾ ನೋಡಲು ಚಿಲಿಯಲ್ಲಿ ಕಾರು ಬಾಡಿಗೆಗೆ ಹಿಡಿದು ಅರ್ಜೆಂಟೀನಾಕ್ಕೆ ಹೋಗಿಬರುವ ಯೋಚನೆ ಇದೆಯಾ? ಹಾಗಾದರೆ ಹೋಟೆಲ್ ಹುಡುಕುವ ಮೊದಲು ಬಾಡಿಗೆ ಕಂಪನಿಯವರಿಂದ ಗಡಿ ಪತ್ರದ, ಅಂದರೆ ಕಾರನ್ನು ಗಡಿ ದಾಟಿಸಲು ಅವರು ಕೊಡುವ ಒಪ್ಪಿಗೆ ಪತ್ರದ, ಫೋಟೋ ತರಿಸಿಕೊಳ್ಳಿ. ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಓದಿ. ನಮ್ಮ ಪಾಸ್‌ಪೋರ್ಟ್ ನಂಬರ್ ಒಂದು ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತದೆ, ಆಮೇಲೆ ಏಳು ಅಂಕೆ. ಕಂಪನಿಯವರು ಆ ಅಕ್ಷರವನ್ನೇ ನುಂಗಿ ಬರೀ ಏಳು ಅಂಕೆ ಟೈಪ್ ಮಾಡಿದ್ದರು. ಅದೂ ನೋಟರಿ ಮುದ್ರೆ ಒತ್ತಿದ ಪತ್ರದಲ್ಲಿ.

ಗಡಿಯಲ್ಲಿ ಆಗುವುದು ಇಷ್ಟು. ಅಲ್ಲಿ ನಿಮಗೆ ಒಂದು ಲೆಕ್ಕ, ಕಾರಿಗೆ ಇನ್ನೊಂದು ಲೆಕ್ಕ. ನಿಮ್ಮ ವೀಸಾ, ಸೀಲು ಎಲ್ಲ ಇಮಿಗ್ರೇಷನ್‌ನವರು ನೋಡುತ್ತಾರೆ. ಕಾರಿನ ವಿಷಯ ಕಸ್ಟಮ್ಸ್‌ನವರದು. ಕಾರು ಆ ದೇಶದಲ್ಲಿ ಮಾರಾಟವಾಗದೆ ವಾಪಸ್ ಹೋಗಬೇಕು ಅನ್ನುವುದೇ ಅವರ ಚಿಂತೆ. ಅದಕ್ಕೇ ಇಂಥ ದಿನದೊಳಗೆ ಹೊರಗೆ ಹೋಗಬೇಕು ಅಂತ ಒಂದು ತಾತ್ಕಾಲಿಕ ಪರ್ಮಿಟ್ ಕೊಡುತ್ತಾರೆ. ಅತ್ತಿಬೆಲೆ ದಾಟುವುದಕ್ಕೆ ನಮ್ಮ ಟ್ಯಾಕ್ಸಿಯವರು ತಮಿಳುನಾಡು ಪರ್ಮಿಟ್ ಮಾಡಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಆದರೆ ಇಲ್ಲಿ ದುಡ್ಡು ಕೊಡುವ ಹಾಗಿಲ್ಲ. ಪರ್ಮಿಟ್ ಪುಕ್ಕಟೆ. ಚಿಲಿ ಕಾರು ಅರ್ಜೆಂಟೀನಾಕ್ಕೆ ಹೋಗುವುದಾದರೆ ಚಿಲಿಯಿಂದ ಹೊರಡುವುದಕ್ಕೂ ಅರ್ಜೆಂಟೀನಾ ಒಳಗೆ ಹೋಗುವುದಕ್ಕೂ ಸೇರಿ ಒಂದೇ ಫಾರಂ.

ಬಾಡಿಗೆ ಕಾರು ನಿಮ್ಮದಲ್ಲವಲ್ಲ. ಅದಕ್ಕೆ ಮಾಲೀಕರ ಒಪ್ಪಿಗೆ ಪತ್ರ ಬೇಕು, ಅದಕ್ಕೆ ನೋಟರಿ ಬೇಕು, ಅರ್ಜೆಂಟೀನಾದಲ್ಲಿ ನಡೆಯುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು. ಪರ್ಮಿಟ್ ಪುಕ್ಕಟೆಯಾದರೂ ಕಂಪನಿಯವರು ಈ ಕಾಗದಗಳಿಗೆ ಚೆನ್ನಾಗಿಯೇ ಕೀಳುತ್ತಾರೆ. ಒಂದು ವಾರಕ್ಕಿಂತ ಮೊದಲೇ ಹೇಳಿರಬೇಕು. ಹಿಂದಿನ ದಿನ ಕೇಳಿದರೆ ಕೈ ಆಡಿಸುತ್ತಾರೆ.

ನಮ್ಮ ಕಥೆ ಸೆರ್ರೊ ಕಾಸ್ಟಿಯೊದಲ್ಲಿ ನಿಂತಿತು. ಚಿಲಿಯ ಟೊರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಅರ್ಜೆಂಟೀನಾದ ಎಲ್ ಕಲಾಫಾತೆ ಕಡೆ ಹೋಗುವವರು ದಾಟುವ ಗಡಿ ಇದು. ಶನಿವಾರ ಮಧ್ಯಾಹ್ನ. ಚಿಲಿ ಕಸ್ಟಮ್ಸ್ ಹೆಂಗಸು ಪಾಸ್‌ಪೋರ್ಟ್ ನೋಡಿದರು, ಪತ್ರ ನೋಡಿದರು, ಮತ್ತೆ ಪಾಸ್‌ಪೋರ್ಟ್ ನೋಡಿದರು. ನಾಕಾರು ಸಲ ಹೀಗೇ ಆಯಿತು. ಕೊನೆಗೆ ‘ನೋ’ ಅಂದರು. ಜಗಳ ಆಡಲಿಲ್ಲ, ಲಂಚದ ಸುಳಿವೂ ಇಲ್ಲ. ಪತ್ರದಲ್ಲಿ ಹೆಸರಿರುವ ಮನುಷ್ಯ ಬೇರೆ, ನೀವು ಬೇರೆ, ಅಷ್ಟೇ. ಅವರದೇನೂ ತಪ್ಪಿಲ್ಲ.

ಕಂಪನಿಗೆ ಫೋನ್ ಮಾಡಿದರೆ ‘ಅಯ್ಯೋ, ಅದೇನು ದೊಡ್ಡ ವಿಷಯ ಅಲ್ಲ, ಬೇರೆಯವರನ್ನೆಲ್ಲ ಬಿಡುತ್ತಾರೆ’ ಅಂದರು. ಬಿಡಲಿಲ್ಲವಲ್ಲ ಸ್ವಾಮಿ! ಹೊಸ ಪತ್ರಕ್ಕೆ ಮತ್ತೆ ನೋಟರಿ ಬೇಕು. ನೋಟರಿ ಆಫೀಸು ತೆಗೆಯುವುದು ಸೋಮವಾರ. ಸಹಿ ಹಾಕಬೇಕಾದ ಮ್ಯಾನೇಜರ್ ಇರುವುದು ಪುಂತಾ ಅರೇನಾಸ್‌ನಲ್ಲಿ. ಹತ್ತಿರದ ಊರು ಪುಯೆರ್ತೊ ನತಾಲೆಸ್‌ಗೆ ವಾಪಸ್ ಬಂದೆವು. ಹೊಸ ಪತ್ರ ಬಸ್ಸಿನಲ್ಲಿ ಪಾರ್ಸೆಲ್ ಆಗಿ ಬಂತು. 250 ಕಿಲೋಮೀಟರ್ ದೂರದಿಂದ ಕಾಗದ ತಂದ ಆ ಬಸ್ಸಿನವರೊಬ್ಬರೇ ಈ ಪ್ರಕರಣದಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದವರು. ಮರುನೋಟರಿ ಖರ್ಚನ್ನೂ ಕಂಪನಿಯವರು ನಮ್ಮ ಕಾರ್ಡಿಗೇ ಹಾಕಿದರು. ಆಮೇಲೆ ಮೇಲ್ ಮೇಲೆ ಮೇಲ್ ಕಳಿಸಿ ಅದನ್ನು ವಾಪಸ್ ತೆಗೆದುಕೊಂಡೆವು. ಹಾಳಾದ ದಿನಗಳಿಗೆ ಏನೂ ಇಲ್ಲ.

ನತಾಲೆಸ್‌ನಲ್ಲಿ ಜನವರಿ ತಿಂಗಳಲ್ಲಿ ರೂಮು ಸಿಗುವುದೇ ಕಷ್ಟ. ಸಿಕ್ಕಿದ್ದು ಮಂಚ ಬಿಟ್ಟರೆ ನಿಲ್ಲುವುದಕ್ಕೂ ಜಾಗವಿಲ್ಲದ ಒಂದು ಗೂಡು. ಬಚ್ಚಲು ಪಕ್ಕದ ರೂಮಿನವರ ಜೊತೆ ಹಂಚಿಕೊಳ್ಳಬೇಕು. ರೇಟು ಮಾತ್ರ ಬೆಂಗಳೂರಿನ ದೊಡ್ಡ ಹೋಟೆಲಿನದು. ಅದಕ್ಕಿಂತ ಸಿಟ್ಟು ಬಂದಿದ್ದು ತೆರಿಗೆ ವಿಷಯಕ್ಕೆ. ಚಿಲಿಯಲ್ಲಿ ವಾಸವಿಲ್ಲದ ವಿದೇಶಿಯರು ನೋಂದಾಯಿತ ಹೋಟೆಲಿನಲ್ಲಿ ಡಾಲರ್‌ನಲ್ಲಿ ಅಥವಾ ವಿದೇಶಿ ಕಾರ್ಡಿನಲ್ಲಿ ಬಿಲ್ ಕಟ್ಟಿದರೆ 19% ವ್ಯಾಟ್ ಬಿಡಬೇಕು. ಪಾಸ್‌ಪೋರ್ಟ್, ದೇಶದೊಳಗೆ ಬರುವಾಗ ಇಮಿಗ್ರೇಷನ್‌ನವರು ಕೊಟ್ಟ ಚೀಟಿ ತೋರಿಸಬೇಕು ಅಷ್ಟೆ. ನಾವು ಕೇಳಿದರೆ ‘ಮಷೀನ್ ಪೆಸೊ ಮಾತ್ರ ತಗೊಳುತ್ತೆ’ ಅಂತ ಹೋಟೆಲಿನ ಆಯಮ್ಮ ಹೇಳಿದರು. ರೂಮು ಹಿಡಿಯುವ ಮೊದಲೇ ಈ ಮಾತು ಇತ್ಯರ್ಥ ಮಾಡಿಕೊಳ್ಳಿ. ಬಿಲ್ ಬಂದ ಮೇಲೆ ಏನೂ ನಡೆಯುವುದಿಲ್ಲ.

ಪತ್ರದಲ್ಲಿ ಇನ್ನೂ ಎರಡು ವಿಷಯ ನೋಡಿ. ಒಂದು, ಎಷ್ಟು ಸಲ ದೇಶ ಬಿಡಬಹುದು ಅನ್ನುವುದು. ಕಲಾಫಾತೆ ಮತ್ತು ಉಶುವಾಯಾ ಎರಡೂ ನೋಡುವವರು ಇದನ್ನು ಮರೆಯುವ ಹಾಗೇ ಇಲ್ಲ. ಎರಡೂ ಅರ್ಜೆಂಟೀನಾದಲ್ಲೇ ಇವೆ, ಆದರೆ ನಡುವಿನ ರಸ್ತೆ ಚಿಲಿಯ ಮೇಲೆ ಹಾದುಹೋಗುತ್ತದೆ. ರಿಯೊ ಗಯೆಗೊಸ್ ದಾಟಿ ಮೊಂತೆ ಐಮಂಡ್ ಗಡಿಯಲ್ಲಿ ಚಿಲಿಗೆ ಬಂದು, ಮೆಜೆಲ್ಲನ್ ಜಲಸಂಧಿಯನ್ನು ಫೆರಿಯಲ್ಲಿ ದಾಟಿ, ಸಾನ್ ಸೆಬಾಸ್ಟಿಯನ್‌ನಲ್ಲಿ ಮತ್ತೆ ಅರ್ಜೆಂಟೀನಾ. ವಾಪಸ್ ಬರುವಾಗ ಮತ್ತೆ ಅದೇ ಸಾನ್ ಸೆಬಾಸ್ಟಿಯನ್. ಪ್ರತಿ ಸಲ ಕಾರಿಗೆ ಹೊಸ ಕಾಗದ. ಪತ್ರದಲ್ಲಿ ಒಂದೇ ಸಲ ಅಂತಿದ್ದರೆ ಉಶುವಾಯಾ ಬಿಟ್ಟಂತೆಯೇ. ನಿಮ್ಮ ವೀಸಾ ಕೂಡ ಎರಡೂ ದೇಶಕ್ಕೆ ಮಲ್ಟಿಪಲ್ ಎಂಟ್ರಿ ಇರಬೇಕು.

ಇನ್ನೊಂದು, ಯಾರ್ಯಾರು ಓಡಿಸಬಹುದು ಅನ್ನುವುದು. ಪತ್ರದಲ್ಲಿ ಹೆಸರಿಲ್ಲದವರು ಗಡಿಯಲ್ಲಿ ಸ್ಟೇರಿಂಗ್ ಹಿಡಿಯುವ ಹಾಗಿಲ್ಲ. ಒಬ್ಬರೇ ಡ್ರೈವರ್ ಅಂತ ಬರೆಸಿ, ಅವರಿಗೇ ಜ್ವರ ಬಂದರೆ ಕಾರೂ ಅಲ್ಲೇ, ನೀವೂ ಅಲ್ಲೇ. ಇಬ್ಬರ ಹೆಸರು ಹಾಕಿಸಿ. ಇಬ್ಬರೂ ಹೊರಡುವ ಮೊದಲು ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಅದು 1 ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ.

ಕಲಾಫಾತೆ ಬಳಿಯ ಪೆರಿಟೊ ಮೊರೆನೊ ಹಿಮನದಿಯ ಫೋಟೋ ಎಲ್ಲ ಕಡೆ ಇವೆ, ಅದನ್ನು ಬಿಡುತ್ತೇನೆ. ಅದನ್ನು ನೋಡಲು ನಿಲ್ಲುವ ಕಟ್ಟೆಯ ಮೇಲೆ ಸೆಲ್ಫಿ ಕೋಲುಗಳ ನಡುವೆ ನುಗ್ಗುವುದು ನನ್ನ ಕೈಲಾಗದ ಕೆಲಸ. ಕಲಾಫಾತೆ ಊರೂ ನನಗೆ ಹಿಡಿಸಲಿಲ್ಲ. ಅಲ್ಲಿಗೆ ಹೋಗುವ ರೂಟ್ 40ರಲ್ಲಿ ತಾಪಿ ಐಕೆ ಆದ ಮೇಲೆ ಸುಮಾರು 70 ಕಿಲೋಮೀಟರ್ ಜಲ್ಲಿ ರಸ್ತೆ ಇದೆ. ದೂರ ಕಡಿಮೆಯಾಗುತ್ತದೆ ಅಂತ ಮ್ಯಾಪ್ ಅದನ್ನೇ ತೋರಿಸುತ್ತದೆ. ಬಾಡಿಗೆ ಕಾರಿನ ಟೈರು ನೆನಪಿಟ್ಟುಕೊಂಡು ಎಸ್ಪೆರಾನ್ಸಾ ಮೇಲೆ ಟಾರು ರಸ್ತೆಯಲ್ಲಿ ಸುತ್ತಿ ಹೋಗಿ.

ಬದಲಿಗೆ ತೊಲ್ಹುಯಿನ್‌ಗೆ ಟೈಮ್ ಕೊಡಿ. ರಿಯೊ ಗ್ರಾಂಡೆಯಿಂದ ಉಶುವಾಯಾಗೆ ಹೋಗುವ ರೂಟ್ 3ರಲ್ಲಿ, ಫಗ್ನಾನೊ ಸರೋವರದ ತುದಿಯಲ್ಲಿರುವ ಸಣ್ಣ ಊರು. ಅಲ್ಲಿ ‘ಲಾ ಯೂನಿಯನ್’ ಅಂತ ಒಂದು ಬೇಕರಿ ಇದೆ. ಲಾರಿ ಡ್ರೈವರ್‌ಗಳು, ಬೈಕಿನವರು, ಸಂಸಾರಸ್ಥರು ಎಲ್ಲರೂ ನಿಲ್ಲಿಸುವ ಜಾಗ. ಸೈಕಲ್ ತುಳಿದುಕೊಂಡು ಬಂದವರಿಗೆ ಇಲ್ಲಿ ವರ್ಷಾನುಗಟ್ಟಲೆ ಪುಕ್ಕಟೆ ಮಲಗುವ ಜಾಗ ಕೊಟ್ಟಿದ್ದಾರೆ. ಮಾಂಸ ತಿನ್ನದವರಿಗೆ ಅರ್ಜೆಂಟೀನಾದಲ್ಲಿ ಊಟ ಒಂದು ತಲೆನೋವು, ಸುಳ್ಳು ಹೇಳುವುದಿಲ್ಲ. ಇಲ್ಲಿ ಮಾತ್ರ ಬದುಕಿದೆವು. ಚೀಸು ಈರುಳ್ಳಿ ತುಂಬಿದ ಎಂಪನಾಡಾ (ನಮ್ಮ ಕರ್ಜಿಕಾಯಿ ಆಕಾರದ್ದು), ಸೊಪ್ಪಿನ ಎಂಪನಾಡಾ, ಎರಡೂ ಒಲೆಯಿಂದ ಆಗಷ್ಟೇ ಬಂದವು. ಕೈ ಸುಡುತ್ತಿತ್ತು. ಅಂಚು ಗರಿಗರಿ, ಒಳಗೆ ಈರುಳ್ಳಿ ಸಿಹಿಯಾಗುವವರೆಗೆ ಬಾಡಿಸಿದ್ದು. ಜೊತೆಗೆ ಅರ್ಧಚಂದ್ರದ ಆಕಾರದ ಬನ್ನು ಮೆದಿಯಾಲೂನಾ, ಮೇಲೆ ಸಕ್ಕರೆ ಪಾಕದ ಹೊಳಪು. ಹಾಲು, ಸಕ್ಕರೆ ಕಾಯಿಸಿ ಮಾಡುವ ದುಲ್ಸೆ ದೆ ಲೆಚೆ ತುಂಬಿದ್ದನ್ನು ತಿಂದರೆ ನಮ್ಮ ಪಾಲ್ಕೋವಾ ಪ್ರಿಯರು ಅಲ್ಲೇ ಕೂತುಬಿಡುತ್ತಾರೆ. ಹೊಟ್ಟೆ ತುಂಬ ತಿಂದರೂ ಉಶುವಾಯಾದ ಒಂದು ಕಾಫಿ, ಕೇಕಿನ ದುಡ್ಡಾಗಲಿಲ್ಲ. ವಾಪಸ್ ಬರುವಾಗ ಮತ್ತೆ ನಿಲ್ಲಿಸಿದೆವು.

ಆದರೆ ಕಟ್ಟಿಸಿಕೊಂಡಿದ್ದನ್ನು ಸಾನ್ ಸೆಬಾಸ್ಟಿಯನ್ ಬರುವ ಮೊದಲೇ ತಿಂದು ಮುಗಿಸಿ. ಚಿಲಿಯ ಕೃಷಿ ತಪಾಸಣೆಯವರು, ಅಂದರೆ ‘ಸಾಗ್’, ಹಣ್ಣು, ತರಕಾರಿ, ಬೀಜ, ಜೇನುತುಪ್ಪ, ಮಾಂಸ ಒಳಗೆ ಬಿಡುವುದಿಲ್ಲ. ನಾಯಿ ಮೂಸುತ್ತದೆ, ಸ್ಕ್ಯಾನರ್ ಇದೆ. ಅವರಿಗೆ ತುಂಬಿ ಕೊಡಬೇಕಾದ ಘೋಷಣೆಯಲ್ಲಿ ತಿಂಡಿ ಇದೆ ಅಂತ ಸುಮ್ನೆ ‘ಹೌದು’ ಹಾಕಿಬಿಡಿ. ಹೇಳಿದ ಮೇಲೆ ಬೇಡದ್ದು ಇದ್ದರೆ ತೆಗೆದುಕೊಳ್ಳುತ್ತಾರೆ, ಅಷ್ಟೇ. ಬಚ್ಚಿಟ್ಟರೆ ದಂಡ. ನಮ್ಮ ಚಟ್ನಿಪುಡಿ ಡಬ್ಬಿ ಬಿಚ್ಚಿ, ಮೂಸಿ, ಸೀನಿ, ವಾಪಸ್ ಕೊಟ್ಟರು. ಮೆಂತ್ಯದ ಪೊಟ್ಟಣ ಅಲ್ಲೇ ಉಳಿಯಿತು.

ಸ್ವಂತ ಗಾಡಿ ಹಡಗಿನಲ್ಲಿ ಕಳಿಸಿ ಇಡೀ ಖಂಡ ಸುತ್ತುವ ಪುಣ್ಯಾತ್ಮರಿಗೆ ಲೆಕ್ಕ ಬೇರೆ. ಏಷ್ಯಾ, ಆಫ್ರಿಕಾದ ಹಲವು ದೇಶಗಳು ಕೇಳುವ ಕಾರ್ನೆ, ಅಂದರೆ ಗಾಡಿ ವಾಪಸ್ ಹೋಗುತ್ತದೆ ಅನ್ನುವ ಗ್ಯಾರಂಟಿ ಪುಸ್ತಕ, ಇಲ್ಲಿ ಬೇಕಾಗುವುದಿಲ್ಲ. ಗಾಡಿಗೆ ಚಿಲಿ, ಪೆರು, ಕೊಲಂಬಿಯಾ ಸಾಮಾನ್ಯವಾಗಿ 90 ದಿನ ಕೊಡುತ್ತವೆ. ಅರ್ಜೆಂಟೀನಾ 8 ತಿಂಗಳು, ಉರುಗ್ವೆ 12 ತಿಂಗಳು. ಗಾಡಿ ನಿಲ್ಲಿಸಿ ಊರಿಗೆ ಹೋಗಿ ಬರುವವರು ಉರುಗ್ವೆಯನ್ನೇ ಹಿಡಿಯುವುದು ಅದಕ್ಕೇ. ಪೆರುವಿನಲ್ಲಿ ಮಾತ್ರ ಹುಷಾರು. ಅವಧಿ ಮೀರಿದರೆ ಗಾಡಿಯನ್ನೇ ಜಪ್ತಿ ಮಾಡುತ್ತಾರೆ. ವಿದೇಶಿ ನಂಬರ್ ಪ್ಲೇಟಿನಲ್ಲಿ ಚಿಲಿಗೆ ಹೋಗುವವರು ‘ಸೊಆಪೆಕ್ಸ್’ ಇನ್ಶೂರೆನ್ಸನ್ನು ಆನ್‌ಲೈನ್‌ನಲ್ಲೇ ಕೊಂಡಿಟ್ಟುಕೊಳ್ಳಿ.

ಆಮೇಲೆ ಗಾಳಿ. ಪೆಟಗೋನಿಯಾದ ಗಾಳಿಗೆ ಕಾರಿನ ಬಾಗಿಲು ಹಿಂದಕ್ಕೆ ಮುರಿದುಕೊಳ್ಳುತ್ತದೆ. ಬಾಡಿಗೆ ಇನ್ಶೂರೆನ್ಸ್‌ನಲ್ಲಿ ಎಷ್ಟೋ ಸಲ ಅದು ಸೇರಿರುವುದಿಲ್ಲ. ಗಾಳಿಗೆ ಮೂತಿ ಮಾಡಿ ನಿಲ್ಲಿಸಿ, ಒಬ್ಬೊಬ್ಬರಾಗಿ ಇಳಿಯಿರಿ. ಗಾಳಿ ಜಾಸ್ತಿಯಾದರೆ ಫೆರಿಯೂ ನಿಲ್ಲುತ್ತದೆ. ಹಾಗಾಗಿ ವಿಮಾನ ಹತ್ತುವ ದಿನವೇ ಜಲಸಂಧಿ ದಾಟುವ ಪ್ಲಾನ್ ಬೇಡ. ಚಿಲಿಗೆ ವಾಪಸ್ ಬಂದಾಗ ಕಾರಿನ ಫಾರಂ ಕಸ್ಟಮ್ಸ್ ಕೌಂಟರಿಗೆ ಕೊಟ್ಟೇ ಹೊರಡಿ. ಯಾರೂ ಕೇಳಲಿಲ್ಲ ಅಂತ ಬಂದುಬಿಟ್ಟರೆ ಅವರ ಲೆಕ್ಕದಲ್ಲಿ ಕಾರು ಇನ್ನೂ ಅರ್ಜೆಂಟೀನಾದಲ್ಲೇ ಇರುತ್ತದೆ. ಕಂಪನಿಯವರ ಕೈಲಿ ನಿಮ್ಮ ಕಾರ್ಡ್ ನಂಬರ್ ಇದೆ ಅನ್ನುವುದು ನೆನಪಿರಲಿ.