ಹಳ್ಳಕ್ಕೆ ಅಡ್ಡ ಕಟ್ಟಿದ ಟೇಪು

ಕಾವೇರಿ ತಮಿಳುನಾಡಿಗೆ ದಾಟುವ ಬಿಳಿಗುಂಡ್ಲುವಿನಲ್ಲಿ ಇಷ್ಟು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ನೀರು, ಹರಿಯಿತು ಅಂತ ಟೀವಿಯಲ್ಲಿ ಕೇಳುತ್ತಲೇ ಬೆಳೆದವನು ನಾನು. ಆ ಅಂಕಿ ಎಲ್ಲಿಂದ ಬರುತ್ತದೆ ಅಂತ ತಲೆ ಕೆಡಿಸಿಕೊಂಡಿರಲಿಲ್ಲ. ತೀರ್ಥಹಳ್ಳಿ ಕಡೆಯ ಚಿಕ್ಕಪ್ಪನ ಮನೆಗೆ ಹೋದಾಗ ಅದಕ್ಕೊಂದು ದಿನ ಕೂಡಿಬಂತು. ಚಿಕ್ಕಪ್ಪನ ಮಗಳು ನೀರಿನ ಮೇಲೆ ಸಂಶೋಧನೆ ಮಾಡುತ್ತಾಳೆ. "ತೋಟದ ಕೆಳಗಿನ ಹಳ್ಳ ಅಳೀಬೇಕು, ಲೆಕ್ಕ ಬರ್ಕೊಳ್ಳೋಕೆ ಬಾ ಅಣ್ಣಾ" ಅಂದಳು.

ಸೆಪ್ಟೆಂಬರ್. ಮಳೆ ಹೊಳವಾಗಿತ್ತು, ಉಂಬಳ ಮಾತ್ರ ಜೋರಾಗಿತ್ತು. ಜಾಗ ಹುಡುಕುವುದರಲ್ಲೇ ಅರ್ಧ ಬೆಳಿಗ್ಗೆ ಕಳೆಯಿತು. ಹಳ್ಳ ನೇರ ಹರಿಯಬೇಕು, ಬಂಡೆ, ಸುಳಿ ಇರಬಾರದು. ಮಲೆನಾಡಿನಲ್ಲಿ ಅಂಥ ಹಳ್ಳ ಎಲ್ಲಿ ಸಿಗಬೇಕು ಹೇಳಿ!

ಕೊನೆಗೆ ಆರು ಮೀಟರ್ ಅಗಲದ ಒಂದು ಕಡೆ ದಡದಿಂದ ದಡಕ್ಕೆ ಟೇಪು ಕಟ್ಟಿದೆವು. ಅರ್ಧ ಮೀಟರಿಗೊಮ್ಮೆ ನಿಂತು ಆಳ ನೋಡುವುದು, ನೀರಿನ ವೇಗ ಅಳೆಯುವ ಕರೆಂಟ್ ಮೀಟರನ್ನು ಕೋಲಿಗೆ ಸಿಕ್ಕಿಸಿ ನೀರಿಗೆ ಇಳಿಸುವುದು. ಮೀಟರ್ ಅಂದರೆ ಪುಟ್ಟ ಬಟ್ಟಲುಗಳ ಒಂದು ಚಕ್ರ. ಒಂದು ಸುತ್ತಿಗೆ ಒಂದು 'ಟಕ್'. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವಳು ಎಣಿಸುತ್ತಿದ್ದಳು, ನಾನು ಗಡಿಯಾರ ನೋಡುತ್ತಿದ್ದೆ. ಒಂದೊಂದು ಕಡೆಯೂ ಕನಿಷ್ಠ 40 ಸೆಕೆಂಡು. ಕೋಲನ್ನು ಸುಮ್ನೆ ಅದ್ದುವ ಹಾಗಿಲ್ಲ. ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲಿಗೆ ಚಕ್ರ ಬರಬೇಕು. ಮೇಲೆ ನೀರಿಗೆ ಓಟ ಜಾಸ್ತಿ, ತಳದಲ್ಲಿ ಕಲ್ಲು ಮರಳು ತಡೆಯುತ್ತವೆ. ಆ ಆರು ಪಾಲಿನ ಆಳದಲ್ಲಿ ಸಿಗುವ ವೇಗ ಹೆಚ್ಚುಕಡಿಮೆ ಸರಾಸರಿ.

ಚಿಕ್ಕಪ್ಪ ದಡದ ಮೇಲೆ ಕವಳ ಹಾಕುತ್ತಾ ಕೂತಿದ್ದರು. "ಇಷ್ಟಕ್ಕೆಲ್ಲ ಮಿಷನ್ ಯಾಕೆ ಮಾರಾಯ್ತಿ? ಏನಾದ್ರೂ ತೇಲಿಬಿಟ್ರೆ ಆಗಲ್ವಾ?" ಆಗುತ್ತದೆ ಅಂದಳು. ಒಂದು ಕಿತ್ತಳೆ ಹಣ್ಣು ಬಿಟ್ಟೆವು. ಅದು ಬಹುಪಾಲು ಮುಳುಗಿಯೇ ತೇಲುವುದರಿಂದ ಗಾಳಿಗೆ ಸಿಗುವುದಿಲ್ಲ. 10 ಮೀಟರ್ ದಾಟಲು 16 ಸೆಕೆಂಡು. ಅದು ಮೇಲಿನ ನೀರಿನ ವೇಗ, ಅದಕ್ಕೇ 0.85ರಿಂದ ಗುಣಿಸಿದಳು. ಅಗಲ, ಆಳ, ವೇಗ ಗುಣಿಸಿ ಲೆಕ್ಕ ಹಾಕಿದರೆ ಕಿತ್ತಳೆ 45 ಕ್ಯೂಸೆಕ್ ಅಂದಿತು, ಮೀಟರ್ 42. ಚಿಕ್ಕಪ್ಪನ ಮುಖ ಅರಳಿತು.

42 ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 1,200 ಲೀಟರ್. ಬೆಂಗಳೂರಿನ ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ಐದೇ ಸೆಕೆಂಡಿಗೆ ತುಂಬುತ್ತದೆ! ಇದೇ ಹಳ್ಳ ದಿನವಿಡೀ ಹೀಗೇ ಹರಿದರೂ ಒಂದು ಟಿಎಂಸಿಗೆ, ಅಂದರೆ ನೂರು ಕೋಟಿ ಘನ ಅಡಿಗೆ, ಒಂಬತ್ತು ತಿಂಗಳು ಬೇಕು. ಸುಪ್ರೀಂ ಕೋರ್ಟಿನ 2018ರ ಕಾವೇರಿ ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ತಮಿಳುನಾಡಿಗೆ ಲೆಕ್ಕ ಸಿಗಬೇಕಾದದ್ದು 177.25 ಟಿಎಂಸಿ. ಅಲ್ಲಿ ಕೇಂದ್ರ ಜಲ ಆಯೋಗದವರು ಅಳೆದ ಅಂಕಿಯ ಮೇಲೆ ಎರಡು ರಾಜ್ಯಗಳ ಕಣ್ಣು.

"ಬೇಸಿಗೇಲಿ ಈ ಚಕ್ರ ತಿರುಗತ್ತಾ?" ಚಿಕ್ಕಪ್ಪ ಕೇಳಿದರು. ತಿರುಗುವುದಿಲ್ಲವಂತೆ. ಆಗ ಹಳ್ಳಕ್ಕೆ ತಗಡು ಅಡ್ಡ ಹಾಕಿ, ಅದರಲ್ಲಿ ವಿ ಆಕಾರದ ಕಚ್ಚು ಕೊಯ್ದು, ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಂತಿದೆ ಅಂತ ನೋಡಬೇಕು. 90 ಡಿಗ್ರಿ ಕಚ್ಚಿನಲ್ಲಿ 10 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ನಾಲ್ಕು ಲೀಟರ್ ಚಿಲ್ಲರೆ.

ಚಿಕ್ಕಪ್ಪ ಸ್ವಲ್ಪ ಯೋಚಿಸಿದರು. ಅವರ ಪಂಪ್‌ಸೆಟ್ ಇರುವುದು ಅಲ್ಲೇ ತಿರುವಿನಲ್ಲಿ. ಅದರ ಕೆಳಗೆ ಇನ್ನೂ ನಾಲ್ಕಾರು ತೋಟಗಳಿವೆ.

"ತಗಡು ನಾನು ಕೊಡ್ತೀನಿ. ಆದ್ರೆ ನನ್ನ ಪಂಪಿನಿಂದ ಮೇಲೆ ಕೂರ್ಸು, ಕೆಳಗೆ ಬೇಡ."