ಸೀತನಿಯ ಸಿಹಿ ಎಲ್ಲಿಂದ ಬಂತು?

ಸಂಕ್ರಾಂತಿಯ ಸುತ್ತಮುತ್ತ ಕಲಬುರಗಿ ಸೀಮೆಯಲ್ಲಿ ಯಾರ ಹೊಲಕ್ಕೆ ಹೋದರೂ ಸೀತನಿ ತಿನ್ನಿಸದೆ ಕಳಿಸುವುದಿಲ್ಲ. ಜೇವರ್ಗಿ ಕಡೆಯ ಮಾವನ ಹೊಲದಲ್ಲಿ ಕುಳ್ಳಿನ ಕೆಂಡದ ಮೇಲೆ ಎಳೆಯ ಜೋಳದ ತೆನೆ ಸುಡುತ್ತಿತ್ತು. ಮಾವ ಬಿಸಿ ತೆನೆಯನ್ನು ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ನನ್ನ ಸೆರಗಿಗೆ ಸುರಿದರು. ಪಕ್ಕದಲ್ಲಿದ್ದ ಬೆಲ್ಲವನ್ನು ನಾನು ಮುಟ್ಟಲಿಲ್ಲ. ಬರೀ ಕಾಳೇ ಅಷ್ಟು ಸಿಹಿ.

“ಎಲ್ಲ ಎರೆ ಮಣ್ಣಿನ ಗುಣವವ್ವಾ,” ಎಂದರು ಮಾವ.

ವಿಜ್ಞಾನ ಪಾಠ ಮಾಡುವವಳು ಸುಮ್ಮನಿರುವುದುಂಟೇ? “ಮಣ್ಣು ಕೊಡುವುದು ನೀರು, ಒಂದಿಷ್ಟು ಲವಣ. ಸಕ್ಕರೆಯ ಇಂಗಾಲ ಬರುವುದು ಗಾಳಿಯಿಂದ ಮಾವ,” ಎಂದೆ. ಗಾಳಿ ಕುಡಿದು ಬೆಳೆಯುವ ಜೋಳ! ಅವರಿಗೆ ನಗು ತಡೆಯಲಾಗಲಿಲ್ಲ.

ಹಳೆಯ ಕಾಲದ ವಿಜ್ಞಾನಿ ವ್ಯಾನ್ ಹೆಲ್ಮಂಟ್‌ನ ಕಥೆ ಹೇಳಿದೆ. ಆತ ತೂಗಿದ ಮಣ್ಣಿನಲ್ಲಿ ವಿಲ್ಲೋ ಸಸಿ ನೆಟ್ಟು 5 ವರ್ಷ ನೀರನ್ನಷ್ಟೇ ಹಾಕಿದ. ಗಿಡ 160 ಪೌಂಡಿಗೂ ಮಿಕ್ಕಿ ತೂಕ ಏರಿಸಿಕೊಂಡಿತು; ಮಣ್ಣು ಕಳೆದುಕೊಂಡಿದ್ದು ಸುಮಾರು 2 ಔನ್ಸ್. ಎಲ್ಲವೂ ನೀರಿನಿಂದಲೇ ಬಂತೆಂದು ಆತ ತೀರ್ಮಾನಿಸಿದ, ಗಾಳಿ ಅವನ ಲೆಕ್ಕಕ್ಕೆ ಬರಲಿಲ್ಲ.

“ಮತ್ತೆ ನೀರು ಹಿಡಿದಿಡುವುದು ಯಾವುದು?” ಮಾವ ಕೇಳಿದರು. ಇದಕ್ಕೆ ಎದುರು ಮಾತಿಲ್ಲ. ಹಿಂಗಾರಿ ಜೋಳ ಬಹುಪಾಲು ಎರೆಯಲ್ಲಿ ಉಳಿದ ತೇವದ ಮೇಲೆಯೇ ಬದುಕುತ್ತದೆ. ಎಲೆಯ ಪತ್ರಹರಿತ್ತು ಹಿಡಿದ ಬೆಳಕು ಆ ನೀರನ್ನು ಒಡೆಯುತ್ತದೆ. ನಾವು ಉಸಿರಾಡುವ ಆಮ್ಲಜನಕ ಹೊರಬರುವುದು ನೀರಿನಿಂದ, ಇಂಗಾಲದ ಡೈಆಕ್ಸೈಡಿನಿಂದಲ್ಲ. ಬೆಳಕಿನಿಂದ ಸಿಕ್ಕ ಶಕ್ತಿಯಲ್ಲಿ ಎಲೆ ಇಂಗಾಲವನ್ನು ಸಕ್ಕರೆಯಾಗಿ ಜೋಡಿಸುತ್ತದೆ.

ಬಿಸಿಲು ಏರಿದಾಗ ಎಲೆಯ ರಂಧ್ರಗಳು ಕಿರಿದಾಗಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ತೊಗರಿಯಲ್ಲಿ ಇಂಗಾಲ ಹಿಡಿಯಬೇಕಾದ ಕಿಣ್ವ ತಪ್ಪಿ ಆಮ್ಲಜನಕವನ್ನು ಹಿಡಿದು ದುಡಿಮೆ ಹಾಳುಮಾಡಿಕೊಳ್ಳುತ್ತದೆ. ಜೋಳ ಹಾಗಲ್ಲ. ಇಂಗಾಲವನ್ನು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಕಟ್ಟಿ, ನರಗಳ ಸುತ್ತಲಿನ ಕೋಶಗಳಿಗೆ ಒಯ್ದು, ಅಲ್ಲಿ ಒತ್ತೊತ್ತಾಗಿ ಬಿಡುತ್ತದೆ. ತೊಗರಿ ಕಣಜದವರು ಮುನಿಸಿಕೊಂಡರೂ ಸರಿ, ಈ ವಿಷಯದಲ್ಲಿ ನನ್ನ ಓಟು ಜೋಳಕ್ಕೆ.

ಎಲೆಯಿಂದ ಸುಕ್ರೋಸ್ ಆಗಿ ತೆನೆಗೆ ಹರಿದ ಸಕ್ಕರೆ, ಹಾಲುಗಾಳಿನಲ್ಲಿ ಇನ್ನೂ ಸಕ್ಕರೆಯಾಗಿಯೇ ಒಂದಷ್ಟು ಉಳಿದಿರುತ್ತದೆ. ಕಾಳು ಬಲಿತಂತೆ ಅದು ಪಿಷ್ಟವಾಗಿ ಗಟ್ಟಿಯಾಗುತ್ತದೆ. ಬಲಿತ ಜೋಳದಲ್ಲಿ ನೂರಕ್ಕೆ ಸುಮಾರು 70 ಪಾಲು ಪಿಷ್ಟವೇ. ರೊಟ್ಟಿಗೆ ಅದು ಬೇಕು, ಸೀತನಿಗೆ ಇದು.

“ಇಷ್ಟೆಲ್ಲ ಓದದೆಯೇ ಹಕ್ಕಿಗಳಿಗೆ ಗೊತ್ತಿದೆಯಲ್ಲವ್ವಾ, ಹಾಲುಗಾಳು ಬಿದ್ದ ದಿನವೇ ಹಿಂಡುಗಟ್ಟಿ ಬರುತ್ತವೆ,” ಎನ್ನುತ್ತ ಮಾವ ಕವಣೆಗೆ ಕಲ್ಲು ಹುಡುಕಲು ಎದ್ದರು.