ನಿಮ್ಮವ್ವಾರಿಗೆ ಟೈಮ್ ಎಲ್ಲಿ ಸಿಗ್ತಿತ್ತು?

"ಅಲ್ರೀ, ಮನಿ ನೋಡ್ಕೊಂಡು ಇಷ್ಟೆಲ್ಲಾ ಕಸೂತಿ ಹಾಕಾಕ ನಿಮ್ಮವ್ವಾರಿಗೆ ಟೈಮ್ ಎಲ್ಲಿ ಸಿಗ್ತಿತ್ತು?"

ಧಾರವಾಡಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ಬೆಂಗಳೂರಿನ ನನ್ನ ಮನೆಯಲ್ಲಿ ಗೋಡೆಗೆ ಹಾಕಿದ ಕಸೂತಿ ತುಂಡು ನೋಡಿದವರೂ ಕೇಳುತ್ತಾರೆ. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಬಾಯಲ್ಲಿ ಹೇಳಲ್ಲ. ಬರೆದಿಡುತ್ತೇನೆ, ಕೇಳಿದವರು ಓದಿಕೊಳ್ಳಲಿ.

ಉತ್ತರ: ಕಡಕ್ ರೊಟ್ಟಿ.

ತಮಾಷೆ ಅಲ್ಲ. ಕಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದನ್ನೂ ಅವ್ವ ತಾನು ಬಡಿಯುತ್ತಿರಲಿಲ್ಲ. ಓಣಿಯ ಕೊನೆಯಲ್ಲಿ ಬಡಿದು ಮಾರುವವರಿಂದ ತರಿಸಿ ಡಬ್ಬಿ ತುಂಬಿಡುತ್ತಿದ್ದಳು. ಗುರೆಳ್ಳು ಚಟ್ನಿಪುಡಿ, ಮೊಸರು, ಒಂದು ಉಳ್ಳಾಗಡ್ಡಿ. ಊಟ ಮುಗೀತು. ಹಸಿದವರು ತಾವೇ ಹಾಕಿಕೊಂಡು ತಿನ್ನಬೇಕು, ಅಪ್ಪನೂ ಸೇರಿ.

ಈ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ಅವರಿಗೆ ಬೇಕಾದ ತಾಯಿಯೇ ಬೇರೆ. ನಸುಕಿನಲ್ಲಿ ಎದ್ದು, ಮನೆಗೆಲಸ ಎಲ್ಲ ಮುಗಿಸಿ, ಮಂದಿ ಮಲಗಿದ ಮೇಲೆ ಸೂಜಿ ಹಿಡಿಯುವ ತಾಯಿ. ನಮ್ಮವ್ವ ಒಂಬತ್ತೂವರೆಗೆಲ್ಲ ಗೊರಕೆ ಹೊಡೆಯುತ್ತಿದ್ದಳು.

ಅವಳು ತೀರಿಕೊಂಡ ಮೇಲೆ, ಹದಿಮೂರನೆಯ ದಿನ ಮನೆ ತುಂಬ ಜನ. ದೂರದ ಸಂಬಂಧಿಕರೊಬ್ಬರು ಊಟದ ಪಂಕ್ತಿಯಲ್ಲಿ ಕೂತು ಗಟ್ಟಿಯಾಗಿ ಶುರು ಮಾಡಿದರು. "ಏನೆಲ್ಲಾ ಮಾಡಿದ್ರೂ ಮನಿ ಕೆಲಸದಾಗ ಒಂದಿನಾನೂ ಹೆಚ್ಚುಕಮ್ಮಿ ಮಾಡಲಿಲ್ಲ ನೋಡ್ರಿ ಆ ತಾಯಿ!" ನನಗೆ ತಡೆಯಲಿಲ್ಲ. "ಮಾಡ್ತಿದ್ಲಲ್ರೀ ಕಾಕಾ, ದಿನಾ ಮಾಡ್ತಿದ್ಲು. ಎಷ್ಟು ಸಲ ಹಾಲು ಉಕ್ಕಿ ಹೋಗೇತಿ ಲೆಕ್ಕಾನ ಇಲ್ಲ" ಅಂದೆ. ಪಕ್ಕದಲ್ಲಿದ್ದ ಚಿಗವ್ವ ತೊಡೆ ಚಿವುಟಿದಳು. ಅಪ್ಪ ಮಾತ್ರ ನಕ್ಕ. "ಬೋಗಾಣಿನೂ ಸುಟ್ಟಾವ" ಅಂದ.

ಹಾಲು ಉಕ್ಕಲು ಕಾರಣ ಇತ್ತು. ನಮ್ಮ ಕಸೂತಿಯಲ್ಲಿ ಬಟ್ಟೆ ಮೇಲೆ ಗೀಟು ಎಳೆಯುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿ ಅನ್ನುವ ಹೊಲಿಗೆಯಲ್ಲಿ ಹೋಗುವಾಗ ನಡುವೆ ಜಾಗ ಬಿಡುತ್ತಾ ಹೋಗಿ, ಬರುವಾಗ ಆ ಜಾಗ ತುಂಬುತ್ತಾ ಬರಬೇಕು. ಗಂಟು ಹಾಕುವಂತಿಲ್ಲ. ಸರಿಯಾಗಿ ಬಂದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಗೋಪುರದ ಚಿತ್ತಾರ ಹಾಕುವಾಗ ಬುಡದಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಅದು ಗೊತ್ತಾಗುವುದು ಮೇಲೆ ಕಳಸಕ್ಕೆ ಬಂದಾಗ. ಆಮೇಲೆ ಬಿಚ್ಚುತ್ತಾ ಕೂಡಬೇಕು. ಹೀಗಾಗಿ "ಅವ್ವಾ, ಹಾಲು!" ಅಂತ ಕೂಗಿದರೆ ತಲೆ ಎತ್ತದೆ ಎಡಗೈ ಮೇಲೆತ್ತುತ್ತಿದ್ದಳು. ಎಣಿಸಾಕತ್ತೀನಿ, ಮಾತಾಡಿಸಬ್ಯಾಡ ಅಂತ. ಗ್ಯಾಸ್ ಆರಿಸುವುದು ನಮ್ಮ ಕೆಲಸ.

ಕಸೂತಿ ಒಂದೇ ಅಲ್ಲ. ಪದಬಂಧ, ಗುಲಾಬಿ ಕಡ್ಡಿ ನೆಡುವುದು, ಒಂದು ಹಳೇ ಹಾರ್ಮೋನಿಯಂ. (ಹಾರ್ಮೋನಿಯಂ ಸುಮಾರಾಗಿ ಬಾರಿಸುತ್ತಿದ್ದಳು. ತೀರಿಕೊಂಡವರು ಎಲ್ಲದರಲ್ಲೂ ಜಾಣರಾಗಿರಬೇಕು ಅಂತ ಏನಿಲ್ಲ, ಅಲ್ವಾ?) ರೇಡಿಯೋ ಅಂತೂ ಸದಾ ಹಚ್ಚಿರುತ್ತಿತ್ತು. ಧಾರವಾಡದ ಆಕಾಶವಾಣಿ ಶುರುವಾದದ್ದು 1950ರಲ್ಲಿ, ಅವ್ವ ಹುಟ್ಟಿದ್ದೂ ಅದೇ ವರ್ಷ. "ನಾವಿಬ್ರೂ ವಾರಿಗಿಯವರು" ಅನ್ನುತ್ತಿದ್ದಳು. ಮಲ್ಲಿಕಾರ್ಜುನ ಮನ್ಸೂರರ ವಚನ ಬಂದರೆ ಮಾತ್ರ ಸೂಜಿ ಕೆಳಗಿಡುತ್ತಿದ್ದಳು. ನಮ್ಮ ಸಲುವಾಗಿ ಹಾಗೆ ಇಟ್ಟದ್ದು ನೆನಪಿಲ್ಲ.

ನೋಡಿ, ಟೈಮ್ ಟೈಮ್ ಅಂತ ಬಡಕೊಳ್ಳುವವರು ಯಾರೂ ಒಂದು ಮಾತು ಕೇಳಲ್ಲ. ಅಷ್ಟು ವರ್ಷ ಹಾಕಿದ ಸೀರೆಗಳೆಲ್ಲ ಎಲ್ಲಿ ಹೋದವು? ಅದನ್ನು ಕೇಳಿದರೆ ಕೂಡಿಸಿ ಚಹಾ ಮಾಡಿಕೊಟ್ಟು ಹೇಳುತ್ತೇನೆ.

ನಮ್ಮ ಮನೆಯಲ್ಲಂತೂ ಇಲ್ಲ. ಮಧ್ಯಾಹ್ನ ಕಲಿಯಲು ಬರುತ್ತಿದ್ದ ಹುಡುಗಿಯರಿಗೆ ದಾರ, ಸೂಜಿ ಎಲ್ಲ ತಾನೇ ಕೊಡುತ್ತಿದ್ದಳು, ಫೀಸ್ ಇಲ್ಲ. ಅವರಲ್ಲಿ ಯಾರದಾದರೂ ಮದುವೆ ಗೊತ್ತಾದರೆ ಟ್ರಂಕ್ ತೆಗೆಯುತ್ತಿದ್ದಳು. ಕಸೂತಿ ಹಾಕಿದ ಕರಿ ಚಂದ್ರಕಾಳಿ ಸೀರೆ ಮದುಮಗಳಿಗೆ ಕೊಡುವುದು ನಮ್ಮ ಕಡೆಯ ಹಳೇ ರೂಢಿ. ಅವ್ವ ಕರಿಯದು ಮುಗಿದರೆ ಇಳಕಲ್ಲಿನದು, ಅದೂ ಮುಗಿದರೆ ತಾನು ಹಬ್ಬಕ್ಕೆ ಉಡುವುದು. ಒಮ್ಮೆ ಹೆಪ್ಪು ಕೇಳಲು ಬಂದ ಪಕ್ಕದ ಮನೆ ಸೊಸೆ ಸೀರೆ ಹಿಡಿದುಕೊಂಡು ಹೋದಳು. ಹೆಪ್ಪು ಮರೆತು ಮತ್ತೆ ಬಂದಳು.

"ನನಗೇನು ಇಟ್ಟೀ?" ಅಂತ ನಾನು ಜಗಳ ತೆಗೆದಿದ್ದೆ. "ನಿನಗ ಕಲಿ ಅಂದ್ನಿ, ಕಲೀಲಿಲ್ಲ" ಅಂದಳು. ನನ್ನ ಗೋಡೆ ಮೇಲಿರುವುದು ಅವಳು ಹೊಸಬರಿಗೆ ಕಲಿಸಲು ಇಟ್ಟುಕೊಂಡಿದ್ದ ತುಂಡು. ಅರ್ಧ ಹೊಲಿಗೆ ಬೇರೆಯವರವು, ತಪ್ಪಿದವು.

ಹಾಗಾಗಿ ಓದುವವರಲ್ಲಿ ಯಾರ ಮನೆಯಲ್ಲಾದರೂ ಆನೆ ಅಂಬಾರಿ ಸೆರಗಿನ ಆ ಕಡುನೀಲಿ ಸೀರೆ ಇದ್ದರೆ ಹೇಳಿ. ವಾಪಸ್ ಕೇಳಲ್ಲ. ಒಮ್ಮೆ ಉಟ್ಟುಕೊಂಡು ಕೊಡುತ್ತೇನೆ. ಬಹುತೇಕ ಕೊಡುತ್ತೇನೆ.